ಐದನೆಯ ಮನೆಯ ಭಿಕ್ಷೆ

ನಮ್ಮ ಮನೆಯಿಂದ ಒಬ್ಬ ಡಿಗ್ರಿ ಮುಗಿಸುವುದು ಆಗದ ಮಾತು ಅಂತ ಹೇಳಿದವನು ನಮ್ಮ ದೊಡ್ಡಪ್ಪ. ನನ್ನೆದುರು ಹೇಳಲಿಲ್ಲ. ಹಿಟ್ಟಿನ ಗಿರಣಿಯ ಮುಂದೆ ಜೋಳದ ಪುಟ್ಟಿ ಇಟ್ಟುಕೊಂಡು ಪಾಳಿಗೆ ಕೂತವರ ಎದುರು ಹೇಳಿದ. "ಹುಡುಗ ಕಾಲೇಜಿಗೆ ಹೋಗ್ತಾನೆ, ಬರ್ತಾನೆ. ಬಸ್ಸು ಸರ್ಕಾರದ್ದು, ಯಾರು ಹತ್ತಿದ್ರೂ ಕರ್ಕೊಂಡು ಹೋಗ್ತೈತೆ. ಡಿಗ್ರಿ ಹಂಗಲ್ಲ. ಆ ಮನೆಗೆ ಅದು ಬರಾಕೆ ಸಾಧ್ಯನೇ ಇಲ್ಲ, ಬರೆದಿಟ್ಕೊಳ್ರಿ." ಹಿಟ್ಟಿನ ಬಿಸಿ ಆರುವುದರೊಳಗೆ ಆ ಮಾತು ನಮ್ಮವ್ವನ ಕಿವಿಗೆ ಬಿತ್ತು. ಗಿರಣಿಯಲ್ಲಿ ಹೇಳಿದ್ದೇ ಅದಕ್ಕೆ. ನಮ್ಮ ಎರಡು ಮನೆಗಳ ನಡುವೆ ಮಾತಿರಲಿಲ್ಲ. ಏನಾದರೂ ಮುಟ್ಟಿಸಬೇಕಿದ್ದರೆ ಗಿರಣಿಯ ಮುಂದೆ ಆಡಿದರೆ ಸಾಕಿತ್ತು.

ಇದು ಎಪ್ಪತ್ತರ ದಶಕದ ಕೊನೆ, ಎಂಬತ್ತರ ಮೊದಲ ವರ್ಷಗಳ ಮಾತು. ಸಾಸ್ವೆಹಳ್ಳಿಯ ಕಡೆ, ಹೊಳೆಗೆ ಹತ್ತಿರದ ಊರು ನಮ್ಮದು. ಅಪ್ಪ, ದೊಡ್ಡಪ್ಪ ಇಬ್ಬರೂ ಹಿರಿಯರ ಒಂದೇ ಮನೆಯ ನಡುವೆ ಮಣ್ಣಿನ ಗೋಡೆ ಎಬ್ಬಿಸಿ ಎರಡು ಮಾಡಿಕೊಂಡಿದ್ದರು. ಹೊಲ ಹಂಚುವಾಗ ಜಗಳ ಆಗಲಿಲ್ಲ. ಎತ್ತು ಹಂಚುವಾಗ ಆಗಲಿಲ್ಲ. ಆದದ್ದು ತಿಪ್ಪೆಗೆ. ಹಿತ್ತಲಿನ ತಿಪ್ಪೆಗುಂಡಿ ಯಾರ ಪಾಲಿಗೆ ಅಂತ ಒಂದು ಬೆಳಿಗ್ಗೆ ಶುರುವಾದದ್ದು, ಸಂಜೆಯ ಹೊತ್ತಿಗೆ ಹುಟ್ಟಿದಂದಿನಿಂದ ಒಬ್ಬರಿಗೊಬ್ಬರು ಮಾಡಿದ್ದನ್ನೆಲ್ಲ ಹೊರಗೆ ತೆಗೆಯುವವರೆಗೆ ಹೋಯಿತು. ಆಗ ನನಗೆ ನಾಲ್ಕೋ ಐದೋ ವರ್ಷ. ಅಲ್ಲಿಂದ ಮುಂದೆ ಮಾತು ನಿಂತಿತು. ಆ ಮನೆಯಲ್ಲಿ ಒಗ್ಗರಣೆ ಹಾಕಿದರೆ ನಮ್ಮ ಪಡಸಾಲೆಯಲ್ಲಿ ಸೀನು ಬರುತ್ತಿತ್ತು. ಅಪ್ಪನಿಗೆ ಕೆಮ್ಮು ಹತ್ತಿದರೆ ದೊಡ್ಡಪ್ಪನಿಗೆ ಕೇಳುತ್ತಿತ್ತು. ಕೇಳಿದ ಮೇಲೂ ಇಬ್ಬರೂ ಸುಮ್ಮನೆ ಇರುತ್ತಿದ್ದರು.

ವರ್ಷಕ್ಕೊಂದು ದಿನ ಮಾತ್ರ ನಾನು ಆ ಮನೆಯ ಬಾಗಿಲಿಗೆ ಹೋಗುತ್ತಿದ್ದೆ. ಮೊಹರಂ ಹಬ್ಬದಲ್ಲಿ, ಫಕೀರನಾಗಿ.

ನಾವು ಶಿವನ ಒಕ್ಕಲು, ಸೋಮವಾರ ಹಿಡಿಯುವವರು. ಆದರೆ ನಮ್ಮೂರಿನ ಮಸೂತಿಯ ದೇವರಿಗೆ ಹರಕೆ ಹೊರದ ಮನೆ ಹುಡುಕಿದರೂ ಸಿಗುತ್ತಿರಲಿಲ್ಲ. ಮಸೂತಿಯಲ್ಲಿ ಹಸ್ತದ ಆಕಾರದ ಪಂಜಾ ದೇವರು ಕೂರಿಸಿ ಪೂಜೆ ನಡೆಸುತ್ತಿದ್ದ ಮುಜಾವರ ಅಜ್ಜ ವರ್ಷದ ಉಳಿದ ದಿನಗಳಲ್ಲಿ ಎತ್ತುಗಳಿಗೆ ಲಾಳ ಕಟ್ಟುತ್ತಿದ್ದ. ಊರಿನ ಎತ್ತುಗಳ ಕಾಲೂ ಅವನ ಕೈಯಲ್ಲಿ, ಮಕ್ಕಳ ಹರಕೆಯೂ ಅವನ ಕೈಯಲ್ಲಿ. ನನಗಿಂತ ಮೊದಲು ಅವ್ವನಿಗೆ ಹುಟ್ಟಿದ ಎರಡು ಕೂಸು ಉಳಿದಿರಲಿಲ್ಲ. ನಾನು ಹೊಟ್ಟೆಯಲ್ಲಿದ್ದಾಗ ಅವಳು ಮಸೂತಿಗೆ ಹೋಗಿ ಸಕ್ಕರೆ ಓದಿಸಿ, ಈ ಕೂಸು ಉಳಿದರೆ ಅದರ ಲಗ್ನ ಆಗುವವರೆಗೆ ವರ್ಷವರ್ಷ ಫಕೀರನನ್ನು ಮಾಡುತ್ತೇನೆ ಅಂತ ಬೇಡಿಕೊಂಡಿದ್ದಳು. ನಾನು ಉಳಿದೆ. ಹಾಗಾಗಿ ಫಕೀರನಾದೆ.

ನಮ್ಮೂರಿನ ಪದ್ಧತಿ ಹೀಗಿತ್ತು. ಹಬ್ಬದ ಐದನೆಯ ದಿನ ಮುಜಾವರ ಅಜ್ಜ ಕೆಂಪು ಹಸಿರು ದಾರ ಹೊಸೆದ ಲಾಡಿಯನ್ನು ಕೊರಳಿಗೆ ಕಟ್ಟುತ್ತಿದ್ದ. ಹತ್ತನೆಯ ದಿನ ದೇವರು ಹೊಳೆಗೆ ಹೋದಾಗ ಬಿಚ್ಚುತ್ತಿದ್ದ. ಲಾಡಿ ಇರುವಷ್ಟು ದಿನ ಕಾಲಿಗೆ ಚಪ್ಪಲಿ ಇಲ್ಲ, ಮಲಗಲು ಮಂಚ ಇಲ್ಲ. ಕಟ್ಟಿಸಿಕೊಂಡ ದಿನವೇ ಐದು ಮನೆಯ ಭಿಕ್ಷೆ ಎತ್ತಬೇಕು. ಯಾವ ಐದು ಮನೆ ಅನ್ನುವುದನ್ನು ತಾಯಿ ಹೇಳುತ್ತಾಳೆ. ಭಿಕ್ಷೆ ಹಾಕುವ ಮನೆಯ ಯಜಮಾನ "ಯಾರ ಫಕೀರ?" ಅಂತ ಕೇಳಬೇಕು. ಫಕೀರ ತನ್ನ ಹೆಸರಾಗಲಿ ಅಪ್ಪನ ಹೆಸರಾಗಲಿ ಹೇಳಬಾರದು. "ದೇವರ ಫಕೀರ" ಅನ್ನಬೇಕು. ಹಾಗಂದ ಮೇಲೆ ಯಾರೂ ಬರಿಗೈಯಲ್ಲಿ ಕಳಿಸುವ ಹಾಗಿಲ್ಲ.

ಅವ್ವ ಮೊದಲ ನಾಲ್ಕು ಮನೆಗಳನ್ನು ವರ್ಷಕ್ಕೊಂದು ಥರ ಬದಲಾಯಿಸುತ್ತಿದ್ದಳು. ಐದನೆಯದು ಮಾತ್ರ ಯಾವತ್ತೂ ದೊಡ್ಡಪ್ಪನ ಮನೆ.

ನಾನು ಜೋಳಿಗೆ ಹಿಡಿದು ನಿಂತರೆ ದೊಡ್ಡಪ್ಪ ಕಟ್ಟೆಯ ಮೇಲೆ ಕೂತಿದ್ದವನು ಮುಖ ತಿರುಗಿಸುತ್ತಿದ್ದ. ತಿರುಗಿಸಿಯೇ "ಯಾರ ಫಕೀರ?" ಅನ್ನುತ್ತಿದ್ದ. ವರ್ಷವಿಡೀ ಅವನು ನನಗೆ ಆಡುತ್ತಿದ್ದ ಎರಡೇ ಮಾತು ಅವು. ದೊಡ್ಡವ್ವ ಒಳಗಿನಿಂದ ಮೊರದ ತುಂಬ ಜೋಳ ತಂದು ಸುರಿಯುತ್ತಿದ್ದಳು, ಜೋಳದ ಕೆಳಗೆ ಒಂದು ಬೆಲ್ಲದ ಅಚ್ಚು ಇರುತ್ತಿತ್ತು. ಅದು ದೊಡ್ಡಪ್ಪನಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಮುಖ ತಿರುಗಿಸುತ್ತಿದ್ದನೋ, ನನಗೆ ಇವತ್ತಿಗೂ ತಿಳಿಯದು. ಐದು ಮನೆಯ ಕಾಳು ಸೇರಿಸಿ ಅವ್ವ ರೊಟ್ಟಿ ಬಡಿದು ಮೊದಲ ರೊಟ್ಟಿ ಮಸೂತಿಗೆ ಕಳಿಸಿ, ಉಳಿದದ್ದು ನಮಗೆ ಹಾಕುತ್ತಿದ್ದಳು. ಅಪ್ಪನೂ ಉಣ್ಣುತ್ತಿದ್ದ. ಯಾವ ಮನೆಯ ಜೋಳ ಅಂತ ಒಂದು ಸಲವೂ ಕೇಳಿದವನಲ್ಲ.

ಚಿಕ್ಕವನಿದ್ದಾಗ ಇದೆಲ್ಲ ಖುಷಿ. ಊರೆಲ್ಲ ಮಾತಾಡಿಸುತ್ತಿತ್ತು. ಲಾಡಿ ಹಾಕಿಕೊಂಡವನಿಗೆ ಶಾಲೆಯಲ್ಲಿ ಮೇಷ್ಟ್ರು ಹೊಡೆಯುತ್ತಿರಲಿಲ್ಲ, ಮನೆಯಲ್ಲಿ ಬೈಗುಳವಿಲ್ಲ. ಹೊನ್ನಾಳಿಯ ಕಾಲೇಜಿಗೆ ಸೇರಿದ ಮೇಲೆ ನಾಚಿಕೆ ಶುರುವಾಯಿತು. ನಮ್ಮ ಮನೆತನದಲ್ಲಿ ಹೈಸ್ಕೂಲು ದಾಟಿದವನು ನಾನೊಬ್ಬನೇ. ಅಪ್ಪ ಹೆಬ್ಬೆಟ್ಟು, ಅವ್ವನಿಗೆ ಬಸ್ಸಿನ ಬೋರ್ಡು ಓದಲು ಬರುತ್ತಿರಲಿಲ್ಲ. ಅಂಥ ಮನೆಯಿಂದ ಬಂದವನಿಗೆ ನಾಲ್ಕು ಅಕ್ಷರ ಹೆಚ್ಚಿಗೆ ಹತ್ತಿದ ಕೂಡಲೇ ಮೊದಲು ಕಾಣುವುದು ಮನೆಯವರ ದಡ್ಡತನ. ನನಗೂ ಹಾಗೇ ಆಯಿತು.

ಸಮಾಜಶಾಸ್ತ್ರದ ಲೆಕ್ಚರರು ಒಂದು ದಿನ ಕಪ್ಪು ಹಲಗೆಯ ಮೇಲೆ ಬರೆದರು: ಜನ ದೇವರ ಕೆಲಸಕ್ಕೆ ಯಾಕೆ ಸೇರುತ್ತಾರೆ? ಕೆಳಗೆ ಮೂರು ಉತ್ತರ. ಭಯ, ಆಸೆ, ರೂಢಿ. ನಾನು ಅದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ತೆಗೆದುಕೊಂಡೆ. ಮನೆಗೆ ಬಂದು ರೊಟ್ಟಿ ಬಡಿಯುತ್ತಿದ್ದ ಅವ್ವನ ಮುಂದೆ ಅದೇ ಪಾಠ ಒಪ್ಪಿಸಿದೆ.

"ನೀನು ನನ್ನನ್ನ ಫಕೀರನ್ನ ಮಾಡೋದು ಭಯಕ್ಕೆ ಅವ್ವ," ಅಂದೆ.

"ಹೌದಪ್ಪ. ಎರಡು ಹೋಗಿದ್ವು. ಭಯ ಆಗಲ್ಲೇನು?"

"ಈಗ ನನಗೆ ಇಪ್ಪತ್ತು ವರ್ಷ. ಈಗೇನು ಭಯ?"

ಅವಳು ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿದಳು. "ನಿಮ್ಮ ಮೇಷ್ಟ್ರು ಅದನ್ನ ಯಾರನ್ನ ಕೇಳಿ ಬರ್ದಾರೆ?"

"ದೊಡ್ಡ ದೊಡ್ಡೋರು ಪುಸ್ತಕ ಬರ್ದಾರೆ."

"ಒಬ್ಬರಾದ್ರೂ ಅಡಿಗೆ ಮನೆಗೆ ಬಂದು ಕೇಳಿದ್ರೇನು?" ಅಂದಳು. ಅಷ್ಟಕ್ಕೆ ನನ್ನ ಸಮಾಜಶಾಸ್ತ್ರ ಮುಗಿಯಿತು.

ಆ ವರ್ಷ ಏಪ್ರಿಲ್‌ನಲ್ಲಿ ಕೊನೆಯ ವರ್ಷದ ಪರೀಕ್ಷೆ ಬರೆದೆ. ಉಳಿದ ಎಲ್ಲದರಲ್ಲೂ ಪಾಸು, ಇಂಗ್ಲಿಷಿನಲ್ಲಿ ಫೇಲು. ಎರಡನೆಯ ವರ್ಷದಿಂದ ಹಿಂದೆ ಬಿದ್ದಿದ್ದ ಪತ್ರಿಕೆ ಅದು, ಒಂದು ಸಲ ಬರೆದು ಹೋಗಿತ್ತು, ಈಗ ಎರಡನೆಯ ಸಲವೂ ಹೋಯಿತು. ಮತ್ತೆ ಅಕ್ಟೋಬರಿಗೆ ಕಟ್ಟಬೇಕು. ದೊಡ್ಡಪ್ಪ ಗಿರಣಿಯ ಮುಂದೆ ಆ ಮಾತಾಡಿದ್ದು ಈ ಸುದ್ದಿ ಕೇಳಿದ ಮೇಲೆಯೇ.

ಅಪ್ಪ ಸಿಟ್ಟು ಮಾಡಲಿಲ್ಲ. ಅವನು ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು. ನೇಗಿಲಿನ ಕುಳ ತಿರುವಿ ನೋಡುತ್ತ, "ಇದೊಂದ್ಸಲ ಬರಿ. ಆಗ್ಲಿಲ್ಲ ಅಂದ್ರೆ ದೀಪಾವಳಿ ಆದ ಮೇಲೆ ಹೊನ್ನಾಳಿ ಅಕ್ಕಿ ಗಿರಣಿಯಾಗೆ ಚೀಲ ತೂಗಾಕೆ ಹೋಗು. ಮಾತಾಡೀನಿ," ಅಂದ. ಅವನು ಆಡಿದರೆ ಅದು ಆದ ಹಾಗೆಯೇ. ನನಗೆ ಇನ್ನೊಂದೇ ಅವಕಾಶ ಉಳಿದಿತ್ತು.

ಹೊನ್ನಾಳಿಯಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದವರನ್ನು ಹುಡುಕಿಕೊಂಡು ಹೋದೆ. ಅವರಿಗೆ ಜಗಳೂರಿಗೆ ವರ್ಗವಾಗಿತ್ತು, ಮನೆಗೆ ಬೀಗ. ನ್ಯಾಮತಿಯಲ್ಲಿ ಒಬ್ಬರು ಇದ್ದಾರೆ ಅಂದರು, ಅವರು ಹೇಳಿಕೊಡುವುದು ಲೆಕ್ಕ. ವಾಪಸು ಬಂದು ಗೈಡು ಹಿಡಿದು ಕೂತೆ. ಪ್ರಬಂಧಗಳು ಬಾಯಿಗೆ ಬರುತ್ತಿದ್ದವು. ಆದರೆ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೆ ಹೊಳೆಯ ನಡುವೆ ಕಾಲು ತಪ್ಪಿದ ಎಮ್ಮೆಯಂತೆ ಆಗುತ್ತಿದ್ದೆ. ಎರಡು ಸಲ ಹೋದದ್ದು ಹೀಗೆಯೇ.

ಇಂಗ್ಲಿಷ್ ಬಲ್ಲವರು ನಮ್ಮೂರಿನಲ್ಲೇ ಒಬ್ಬರಿದ್ದರು. ಗೋಡೆಯ ಆಚೆ. ದೊಡ್ಡಪ್ಪನ ಮಗನಿಗೆ ಹಿಂದಿನ ವರ್ಷ ಚನ್ನಗಿರಿಯಿಂದ ಹೆಣ್ಣು ತಂದಿದ್ದರು. ಆ ಅತ್ತಿಗೆ ಪಿಯುಸಿ ಓದಿದವಳು, ಅಲ್ಲಿ ಕ್ರಿಶ್ಚಿಯನ್ ಸಿಸ್ಟರುಗಳ ಶಾಲೆಯಲ್ಲಿ ಕಲಿತವಳು. ಬಂದ ಹೊಸದರಲ್ಲಿ ಬಾವಿಕಟ್ಟೆಯಲ್ಲಿ ಹೆಂಗಸರು ಅವಳ ಬಾಯಿಂದ ಇಂಗ್ಲಿಷ್ ಆಡಿಸಿ ನಗುತ್ತಿದ್ದರು. ಆದರೆ ಅವಳ ಮದುವೆಗೆ ನಮ್ಮ ಮನೆಯಿಂದ ಯಾರೂ ಹೋಗಿರಲಿಲ್ಲ, ನಾನು ಅವಳ ಹತ್ತಿರ ಒಂದು ಮಾತೂ ಆಡಿರಲಿಲ್ಲ.

ಆ ವರ್ಷ ಮೊಹರಂ ಬಂದದ್ದೂ ಅಕ್ಟೋಬರಿನಲ್ಲೇ. ಪರೀಕ್ಷೆಗೆ ಹದಿನೈದು ಹದಿನಾರು ದಿನ ಉಳಿದಿತ್ತು.

"ನಾಳೆ ಲಾಡಿ ಹಾಕ್ಸೋದು," ಅಂದಳು ಅವ್ವ.

"ಈ ವರ್ಷ ಆಗಲ್ಲವ್ವ. ಪರೀಕ್ಷೆ ಐತೆ."

"ಐದು ಮನೆಗೆ ಎಷ್ಟು ಹೊತ್ತು ಬೇಕು?"

"ಹೊತ್ತಿನ ಮಾತಲ್ಲ. ಮೀಸೆ ಬಂದೋನು ಜೋಳಿಗೆ ಹಿಡ್ಕೊಂಡು ನಿಂತ್ರೆ ಜನ ನಗ್ತಾರೆ. ಅದೂ ಆ ಮನೆ ಮುಂದೆ. ಗಿರಣಿಯಾಗೆ ಏನಂದಾನೆ ಕೇಳಿಲ್ಲೇನು ನೀನು?"

ಅವ್ವ ರೊಟ್ಟಿಯ ಹಿಟ್ಟು ಎಳೆದುಕೊಂಡು ನಾದತೊಡಗಿದಳು. ಆಮೇಲೆ ಹೇಳಿದಳು, "ನಾನು ಆ ಮನೇನ ಹದಿನಾರು ವರ್ಷದಿಂದ ಐದನೇ ಮನೆ ಮಾಡೀನಿ. ಯಾಕೆ ಅಂತ ಕೇಳೀಯಾ ಒಂದಿನನಾದ್ರೂ?"

"ಯಾಕೆ?"

"ಅವ್ರು ನಮ್ಮನ್ನ ಕರೆಯಂಗಿಲ್ಲ, ನಾವು ಅವ್ರನ್ನ ಕರೆಯಂಗಿಲ್ಲ. ನಿಮ್ಮಪ್ಪ ಬಗ್ಗಲ್ಲ, ಅವ್ರಣ್ಣನೂ ಬಗ್ಗಲ್ಲ. ಸತ್ರೆ ಹೊರಾಕೆ ಬರ್ತಾರೋ ಇಲ್ವೋ ಗೊತ್ತಿಲ್ಲ. ವರ್ಷಕ್ಕೊಂದ್ಸಲ ಆ ಮನೆ ಜೋಳ ಈ ಮನೆ ಹಂಚಿಗೆ ಬರ್ಲಿ ಅಂತ. ದೇವರ ಹೆಸರಾಗೆ ಬಂದ್ರೆ ಯಾರ ಮರ್ಯಾದೆನೂ ಹೋಗಲ್ಲ." ರೊಟ್ಟಿಯ ಹಿಟ್ಟು ಕೈಯಿಂದ ಉದುರಿಸಿಕೊಂಡು ಮತ್ತೆ ಅಂದಳು, "ಈ ವರ್ಷ ಜೋಳ ಬ್ಯಾಡ ಅನ್ನು. ಸೊಸೆ ಕೈಲಿ ಪಾಠ ಹೇಳ್ಸಿ ಅಂತ ಕೇಳು."

"ಫಕೀರ ಇಂಥದ್ದೇ ಕೊಡು ಅಂತ ಕೇಳೋದು ಎಲ್ಲೈತೆ?"

"ಎಲ್ಲೂ ಇಲ್ಲ. ನೀನು ಕೇಳು."

ಆ ರಾತ್ರಿ ಗೈಡಿನ ಹಾಳೆ ತಿರುವಿದ್ದೇ ಬಂತು, ಒಂದಕ್ಷರ ಹತ್ತಲಿಲ್ಲ. ಬೆಳಿಗ್ಗೆ ಎದ್ದು ಸ್ನಾನ ಮಾಡಿ ಮಸೂತಿಗೆ ಹೋದೆ. ನಂಬಿಕೆಯಿಂದ ಹೋದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಇಂಗ್ಲಿಷಿಗೆ ಹೋದೆ.

ಮೊದಲ ನಾಲ್ಕು ಮನೆ ಹೇಗೋ ಮುಗಿಯಿತು. ಒಬ್ಬಾಕೆ "ಫಕೀರಪ್ಪಗೆ ಹೆಣ್ಣು ನೋಡ್ರೇ, ಹರಕೆ ಮುಗೀಲಿ" ಅಂದಳು, ಬೀದಿಯವರು ನಕ್ಕರು. ಐದನೆಯ ಮನೆಯ ಮುಂದೆ ಹೋಗಿ ನಿಂತೆ. ದೊಡ್ಡಪ್ಪ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಿದ್ದ. ಮುಖ ತಿರುಗಿಸಿದ.

"ಯಾರ ಫಕೀರ?"

"ದೇವರ ಫಕೀರ."

ದೊಡ್ಡವ್ವ ಮೊರ ಹಿಡಿದು ಬಂದಳು. ನಾನು ಜೋಳಿಗೆಯ ಬಾಯಿ ಮುಚ್ಚಿದೆ. ಅವಳು ಗಾಬರಿಯಾದಳು. ಭಿಕ್ಷೆ ಬೇಡ ಅಂದ ಫಕೀರನನ್ನು ಆ ಊರು ಅವತ್ತಿನವರೆಗೆ ಕಂಡಿರಲಿಲ್ಲ.

"ಜೋಳ ಬ್ಯಾಡ. ಇಂಗ್ಲಿಷ್ ಪಾಠ ಹಾಕ್ರಿ," ಅಂದೆ. ಯೋಚಿಸಿಕೊಂಡು ಬಂದ ಮಾತು ಇದಲ್ಲ. ಭಿಕ್ಷೆಯನ್ನು ಹಾಕುವುದು ತಾನೇ, ಬಾಯಿಗೆ ಹಾಗೇ ಬಂತು.

ಹಗ್ಗ ಹೊಸೆಯುವ ಕೈ ನಿಂತಿತು. ಒಳಗೆ ಪಾತ್ರೆಯ ಸದ್ದೂ ನಿಂತಿತು. ಎದುರು ಮನೆಯ ಅಜ್ಜಿ ಬಾಗಿಲಿಗೆ ಬಂದು ನಿಂತಳು. ನಾನು ತಿರುಗಿ ಹೋಗಬೇಕು ಅಂತ ಹೆಜ್ಜೆ ಎತ್ತುವಾಗ, ದೊಡ್ಡಪ್ಪ ಕಂಬಕ್ಕೆ ಹೇಳುವವನಂತೆ ಕಂಬದ ಕಡೆ ನೋಡಿ ಹೇಳಿದ:

"ಬ್ಯಾರೆ ಯಾರಾರ ಕೇಳಿದ್ರೆ ಬ್ಯಾರೆ ಮಾತಿತ್ತು. ಫಕೀರ ಕೇಳಿದ್ದನ್ನ ಇಲ್ಲ ಅನ್ನಾಕೆ ಬರಲ್ಲ. ಏನವ್ವಾ, ಲಾಡಿ ಇರೋಮಟ ಫಕೀರಂಗೆ ಪಾಠ ಹೇಳು."

ಮರುದಿನದಿಂದ ಮಧ್ಯಾಹ್ನ ಊಟವಾದ ಮೇಲೆ ಆ ಕಟ್ಟೆಗೆ ಹೋಗತೊಡಗಿದೆ. ಅತ್ತಿಗೆ ಹೊಸ್ತಿಲ ಒಳಗೆ ಕೂತು ಅಕ್ಕಿ ಆರಿಸುತ್ತಿದ್ದಳು, ನಾನು ಹೊರಗೆ ಕಟ್ಟೆಯ ತುದಿಗೆ. ನಡುವೆ ದೊಡ್ಡಪ್ಪ, ಹಗ್ಗದ ಸಮೇತ. ಅವನು ಅಲ್ಲಿಂದ ಏಳುತ್ತಿರಲಿಲ್ಲ. ನನ್ನನ್ನು ಮಾತಾಡಿಸುತ್ತಲೂ ಇರಲಿಲ್ಲ. "ಫಕೀರ ಬಂದಾನೆ ನೋಡವ್ವ", "ಫಕೀರಂಗೆ ನೀರು ಕೊಡು", "ಫಕೀರಗೆ ಹೇಳು, ಮಳೆ ಬರೋ ಹಂಗೈತೆ, ಪುಸ್ತಕ ಒಳಗಿಟ್ಕೊಳ್ಳಾಕೆ." ಹೀಗೆ, ನಾನು ಬೇರೆ ಊರಿನಲ್ಲಿದ್ದೇನೆ ಅನ್ನುವ ಹಾಗೆ.

ಅತ್ತಿಗೆ ಮೊದಲ ದಿನವೇ ಗೈಡು ಕಸಿದುಕೊಂಡು ಒಳಗೆ ಇಟ್ಟಳು.

"ಇದರಾಗಿಂದು ಒಂದನ್ನೂ ಹೇಳ್ಬ್ಯಾಡ್ರಿ. ಎದುರಿಗೆ ಏನು ಕಾಣ್ತೈತೆ ಹೇಳ್ರಿ, ಇಂಗ್ಲಿಷಿನಾಗೆ."

"ಎತ್ತು," ಅಂದೆ ಇಂಗ್ಲಿಷಿನಲ್ಲಿ.

"ಎತ್ತು ಏನು ಮಾಡ್ತೈತೆ?"

"ಮೇಯ್ತೈತೆ."

"ನಿನ್ನೆ ಏನು ಮಾಡ್ತು? ನಾಳೆ ಏನು ಮಾಡ್ತೈತೆ? ನಿಮ್ಮ ದೊಡ್ಡಪ್ಪನೋರು ಅದಕ್ಕೆ ಯಾಕೆ ಬೈದ್ರು?"

ಎರಡು ದಿನ ಬರೀ ಎತ್ತು, ಬಾವಿ, ಎದುರು ಮನೆಯ ಅಜ್ಜಿ. ಮೂರನೆಯ ದಿನಕ್ಕೆ ಬಾಯಿ ಸ್ವಲ್ಪ ತಿರುಗಿತು. ನಾನು ನಿನ್ನೆಯ ಮಾತನ್ನು ಇವತ್ತಿನದಾಗಿ ಹೇಳಿದರೆ ಅತ್ತಿಗೆಗಿಂತ ಮೊದಲು ದೊಡ್ಡಪ್ಪ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಕೇಳಿ ಕೇಳಿ ಅವನಿಗೆ ಎಲ್ಲಿ ತಪ್ಪುತ್ತದೆ ಅನ್ನುವುದು ಗೊತ್ತಾಗಿತ್ತು. "ಫಕೀರ ನಿನ್ನೆ ಇದನ್ನ ಬ್ಯಾರೆ ಥರ ಅಂದಿದ್ದ," ಅಂತ ಕಂಬಕ್ಕೆ ದೂರು ಹೇಳುತ್ತಿದ್ದ. ಅತ್ತಿಗೆ ಮೊರ ಅಡ್ಡ ಹಿಡಿದು ನಗುತ್ತಿದ್ದಳು. ಗೋಡೆಯ ಆಚೆ ನಮ್ಮ ಮನೆಯಲ್ಲೂ ಯಾರೋ ನಕ್ಕ ಹಾಗಾಗುತ್ತಿತ್ತು.

ಒಮ್ಮೆ ದೊಡ್ಡಪ್ಪ ಎತ್ತಿಗೆ ನೀರು ತೋರಿಸಲು ಎದ್ದುಹೋದಾಗ ಅತ್ತಿಗೆ ಸಣ್ಣ ದನಿಯಲ್ಲಿ ಹೇಳಿದಳು, "ನಾನೂ ಡಿಗ್ರಿ ಓದ್ತೀನಿ ಅಂದಿದ್ದೆ ರೀ. ನಮ್ಮಪ್ಪ, ಹುಡುಗ ಸಿಕ್ಕಾನೆ ಅಂದ್ರು. ಇಲ್ಲಿಗೆ ಬಂದ ಮ್ಯಾಲೆ ಪುಸ್ತಕ ಮುಟ್ಟಿದ್ದು ಇದೇ ಮೊದಲು. ನಿಮ್ಮ ದೇವರು ನನಗೂ ಹಬ್ಬ ಮಾಡ್ದ."

ಹತ್ತನೆಯ ದಿನ ಬಂತು. ದೇವರು ಹೊಳೆಗೆ ಹೋದವು. ಲಾಡಿ ಕಟ್ಟಿಸಿಕೊಂಡವರೆಲ್ಲ ಸಾಲಾಗಿ ನಿಂತರು, ಮುಜಾವರ ಅಜ್ಜ ಒಬ್ಬೊಬ್ಬರದೇ ಬಿಚ್ಚುತ್ತ ಬಂದ. ನನ್ನ ಹತ್ತಿರ ಬಂದಾಗ ನಾನು ಕೊರಳಿಗೆ ಕೈ ಅಡ್ಡ ಇಟ್ಟೆ. ಲಾಡಿ ಇರುವ ತನಕ ಅಂತ ದೊಡ್ಡಪ್ಪ ಹೇಳಿದ್ದ. ಪರೀಕ್ಷೆಗೆ ಇನ್ನೂ ಹತ್ತು ದಿನ ಇತ್ತು.

"ಯಾಕಪ್ಪಾ?"

"ಇಂಗ್ಲಿಷ್ ಇನ್ನೂ ಮುಗಿದಿಲ್ಲ ಅಜ್ಜ."

ಊರಿಗೆಲ್ಲ ಸುದ್ದಿ ಗೊತ್ತಿತ್ತಲ್ಲ, ಅವನಿಗೂ ಗೊತ್ತಿತ್ತು. ನೀರಿನಲ್ಲಿ ನಿಂತೇ ನಕ್ಕ. "ನಮ್ಮ ದೇವರು ಜ್ವರ ಬಿಡಿಸ್ತಾನೆ, ಕೂಸು ಕೊಡ್ತಾನೆ ಅಂತ ಗೊತ್ತಿತ್ತು. ಇಂಗ್ಲಿಷ್ ಕಲಿಸ್ತಾನೆ ಅಂತ ನನಗೂ ಗೊತ್ತಿರ್ಲಿಲ್ಲ." ಆಮೇಲೆ ಮುಖ ಗಟ್ಟಿ ಮಾಡಿ ಹೇಳಿದ, "ಇಟ್ಕೋ. ಆದ್ರೆ ಲಾಡಿ ಇರೋಮಟ ನೇಮ ಬಿಡಂಗಿಲ್ಲ. ಚಪ್ಪಲಿ ಇಲ್ಲ, ಮಂಚ ಇಲ್ಲ. ಪರೀಕ್ಷೆಗೂ ಹಂಗೇ ಹೋಗ್ಬೇಕು. ಬರೆದು ಬಂದು ನನ್ನ ಹತ್ರ ಬಿಚ್ಚಿಸ್ಕೋ."

ಹಬ್ಬ ಮುಗಿದರೂ ಫಕೀರ ಮುಗಿಯಲಿಲ್ಲ ಅಂತ ಊರವರು ಆಡಿಕೊಂಡರು. ಹೋಟೆಲಿನಲ್ಲಿ ಒಬ್ಬ ನನಗೆ ಚಾ ಕೊಡುವಾಗ "ಯಾರ ಫಕೀರ?" ಅನ್ನುವನು, ಇನ್ನೊಬ್ಬ "ಇಂಗ್ಲಿಷ್ ಫಕೀರ" ಅನ್ನುವನು. ಮರುದಿನ ಮಧ್ಯಾಹ್ನ ಕಟ್ಟೆಗೆ ಹೋದಾಗ ದೊಡ್ಡಪ್ಪ ಮೊದಲು ನನ್ನ ಕೊರಳು ನೋಡಿದ. ಲಾಡಿ ಇತ್ತು. ಒಂದು ಸಲ ಕೆಮ್ಮಿ ಹಗ್ಗ ತೆಗೆದುಕೊಂಡ. "ಏನವ್ವಾ, ಫಕೀರ ಬಂದಾನೆ," ಅಂದ. ಒಳಗೆ ಹೋಗು ಅನ್ನಲಿಲ್ಲ, ಹೊರಗೆ ಹೋಗು ಅನ್ನಲಿಲ್ಲ. ಆ ಹತ್ತು ದಿನ ಅವನಿಗೆ ನನ್ನ ಲಾಡಿ ಬೇಕಾಗಿತ್ತು ಅಂತ ಈಗ ಅನ್ನಿಸುತ್ತದೆ. ಅದಿಲ್ಲದಿದ್ದರೆ ಅವನು ನನ್ನನ್ನು ಕೂರಿಸುವ ಹಾಗಿರಲಿಲ್ಲ.

ಪರೀಕ್ಷೆ ಶಿವಮೊಗ್ಗದಲ್ಲಿ. ನ್ಯಾಮತಿ, ಸವಳಂಗದ ಮೇಲೆ ಹೋಗುವ ಬಸ್ಸು ಹಿಡಿದೆ. ಇಸ್ತ್ರಿ ಮಾಡಿದ ಶರ್ಟು, ಪ್ಯಾಂಟು, ಬರಿಗಾಲು, ಕೊರಳಲ್ಲಿ ಲಾಡಿ. ಕಂಡಕ್ಟರು ಕಾಲಿನಿಂದ ಕೊರಳಿನವರೆಗೆ ನೋಡಿ, "ಹಬ್ಬ ಆಗಿ ಹತ್ತು ದಿನ ಆತಲ್ರೀ ಫಕೀರಪ್ಪಾ. ನಿಮ್ಮೂರಾಗೆ ಕ್ಯಾಲೆಂಡರ್ ಇಲ್ಲೇನು?" ಅಂದ. ಪಕ್ಕದಲ್ಲಿ ಒಬ್ಬ ಲಂಬಾಣಿ ಅಜ್ಜಿ ಕೂತಿದ್ದಳು, ಮಡಿಲಲ್ಲಿ ತೆಂಗಿನಕಾಯಿ, ಬೆಲ್ಲ. ತಮ್ಮ ಜನದ ಗುರುವಿನ ಗುಡಿ ಇರುವ ಸೂರಗೊಂಡನಕೊಪ್ಪಕ್ಕೆ ಹೊರಟಿದ್ದಳು. ಸಮಾಜಶಾಸ್ತ್ರದ ವಿದ್ಯಾರ್ಥಿ ಸುಮ್ಮನಿರುತ್ತಾನೆಯೇ?

"ಯಾಕೆ ಹೊಂಟೀಯ ಅಜ್ಜಿ, ಹರಕೆ ಏನಾರ ಐತೇನು?"

"ಹರಕೆ ಇಲ್ಲಪ್ಪ. ನನ್ನ ತಂಗೀನ ದೂರ ಕೊಟ್ಟಾರೆ. ಅವಳೂ ಇವತ್ತು ಅಲ್ಲಿಗೆ ಬರ್ತಾಳೆ," ಅಂದಳು. ಆಮೇಲೆ ನನ್ನ ಕೊರಳು ತೋರಿಸಿ, "ನೀನ್ಯಾಕೆ ಕಟ್ಕೊಂಡೀಯ?" ಅಂತ ಕೇಳಿದಳು.

ಭಯ, ಆಸೆ, ರೂಢಿ ಮೂರೂ ನೆನಪಿಗೆ ಬಂದವು. ಒಂದನ್ನೂ ಹೇಳಲಾಗಲಿಲ್ಲ. "ನಮ್ಮ ಅತ್ತಿಗೆ ಪಾಠ ಹೇಳ್ಲಿ ಅಂತ," ಅಂದೆ. ಅಜ್ಜಿ ಅದರಲ್ಲೇನೂ ವಿಚಿತ್ರವಿಲ್ಲ ಅನ್ನುವ ಹಾಗೆ ತಲೆಯಾಡಿಸಿ ಒಂದು ಚೂರು ಬೆಲ್ಲ ಮುರಿದು ಕೊಟ್ಟಳು.

ಪರೀಕ್ಷೆಯ ಕೋಣೆಯಲ್ಲಿ ಮೇಲ್ವಿಚಾರಕರು ನನ್ನ ಹತ್ತಿರ ನಿಂತರು. ದಾರದೊಳಗೆ ಚೀಟಿ ಸುತ್ತಿದ್ದೇನೆ ಅಂತ ಅನುಮಾನ. ಲಾಡಿಯನ್ನು ಎರಡು ಬೆರಳಿನಿಂದ ಒತ್ತಿ ನೋಡಿ, ಬರಿಗಾಲು ನೋಡಿ, "ಎಷ್ಟು ವರ್ಷದ ಹರಕೆ?" ಅಂದರು. "ಹುಟ್ಟೋಕೆ ಮೊದಲಿಂದ ಸಾರ್," ಅಂದೆ. "ಬರೀರಿ, ಬರೀರಿ," ಅಂದು ಮುಂದೆ ಹೋದರು.

ಪ್ರಬಂಧಕ್ಕೆ ಒಂದು ಬಸ್ ಪ್ರಯಾಣ ಅಂತ ಕೊಟ್ಟಿದ್ದರು. ಗೈಡಿನಲ್ಲಿ ಅದೂ ಇತ್ತು. ಮಂಜು ಮುಸುಕಿದ ಬೆಟ್ಟ, ಹಕ್ಕಿಗಳ ಗಾನ. ನಾನು ಅದನ್ನು ಬರೆಯಲಿಲ್ಲ. ಕಂಡಕ್ಟರು ಅಂದದ್ದನ್ನು ಬರೆದೆ, ಅಜ್ಜಿ ಬೆಲ್ಲ ಕೊಟ್ಟದ್ದನ್ನು ಬರೆದೆ, ನ್ಯಾಮತಿಯಲ್ಲಿ ಒಬ್ಬ ಟಗರು ಹತ್ತಿಸಲು ಜಗ್ಗಾಡಿದ್ದನ್ನು ಬರೆದೆ. ಚಿಕ್ಕ ಚಿಕ್ಕ ವಾಕ್ಯ, ಎತ್ತಿನ ಬಗ್ಗೆ ಹೇಳುತ್ತಿದ್ದಂಥವೇ. ಒಂದು ಕಡೆ ನಿನ್ನೆಯದನ್ನು ಇವತ್ತಿನದಾಗಿ ಬರೆದು, ಗಂಟಲು ಸರಿಮಾಡಿಕೊಂಡ ಸದ್ದು ಕೇಳಿದ ಹಾಗಾಗಿ ಹೊಡೆದು ತಿದ್ದಿದೆ.

ವಾಪಸು ಬಂದು ಬಸ್ಸಿಳಿದವನು ನೇರ ಮುಜಾವರ ಅಜ್ಜನ ಹತ್ತಿರ ಹೋದೆ. ಅವನು ಒಂದು ಎತ್ತನ್ನು ಕೆಡವಿ ಲಾಳ ಕಟ್ಟುತ್ತಿದ್ದ. ಗೊರಸು ಕೆತ್ತುವ ಚಾಕುವನ್ನು ಒರೆಸಿ ಅದರಿಂದಲೇ ಲಾಡಿ ಕತ್ತರಿಸಿದ. "ಇನ್ನು ಚಪ್ಪಲಿ ಹಾಕ್ಕೋ," ಅಂದ.

ಅವತ್ತಿಗೆ ಆ ಕಟ್ಟೆಯ ಋಣವೂ ಮುಗಿಯಿತು. ಮಾರನೆಯ ದಿನ ಬಾವಿಯ ಹತ್ತಿರ ದೊಡ್ಡಪ್ಪ ಎದುರಾದ. ಬರಿ ಕೊರಳು ನೋಡಿದ, ಪಕ್ಕಕ್ಕೆ ಸರಿದು ಹೋದ. ಅತ್ತಿಗೆ ಕೊಡ ಹೊತ್ತು ಬಂದವಳು ತಲೆ ಬಗ್ಗಿಸಿ ನಡೆದಳು. ಎಲ್ಲ ಮೊದಲಿನ ಹಾಗೆ. ಅವ್ವ ಅದಕ್ಕೆ ಬೇಜಾರು ಮಾಡಿಕೊಳ್ಳಲಿಲ್ಲ. "ಹದಿನಾರು ವರ್ಷದಾಗೆ ಹದಿನೈದು ದಿನ ಕೂತೀಯ. ಸಾಲದೇನು?" ಅಂದಳು.

ದೀಪಾವಳಿ ಆಯಿತು. ಅಪ್ಪ ಆಡಿದ ಹಾಗೆ ಅಕ್ಕಿ ಗಿರಣಿಗೆ ಕರೆದುಕೊಂಡು ಹೋದ, ಚೀಲ ತೂಗಿದೆ. ಎರಡು ತಿಂಗಳು ತೂಗಿದ ಮೇಲೆ ಕಾಲೇಜಿನ ಬೋರ್ಡಿಗೆ ಫಲಿತಾಂಶ ಅಂಟಿಸಿದ್ದಾರೆ ಅಂತ ಗೆಳೆಯನೊಬ್ಬ ಸೈಕಲ್ ಮೇಲೆ ಬಂದು ಹೇಳಿದ. ಹೊಟ್ಟಿನ ಧೂಳು ಹಿಡಿದ ಬಟ್ಟೆಯಲ್ಲೇ ಓಡಿದೆ. ನನ್ನ ನಂಬರು ಇತ್ತು. ಹೋಗಿ ಬಂದು ನಾಲ್ಕು ಸಲ ನೋಡಿದೆ, ನಾಲ್ಕು ಸಲವೂ ಇತ್ತು. ಅಪ್ಪನಿಗೆ ಹೇಳಿದಾಗ ಅವನು ಎದ್ದು ನಿಂತು, ಏನು ಮಾಡಬೇಕೋ ತಿಳಿಯದೆ, ಆಗಲೇ ಕಟ್ಟಿದ್ದ ಎತ್ತನ್ನು ಬಿಚ್ಚಿ ಮತ್ತೆ ಕಟ್ಟಿದ.

ಈ ನಲವತ್ತು ವರ್ಷದಲ್ಲಿ ನಾನು ಬಹಳ ಓದಿದೆ, ಮಕ್ಕಳಿಗೆ ಪಾಠವನ್ನೂ ಹೇಳಿದೆ. ಜನ ದೇವರ ಕೆಲಸಕ್ಕೆ ಯಾಕೆ ಸೇರುತ್ತಾರೆ ಅನ್ನುವ ಪ್ರಶ್ನೆ ಪುಸ್ತಕದಲ್ಲಿ ಬಂದಾಗೆಲ್ಲ ಆ ಮೂರು ಉತ್ತರವನ್ನು ಬರೆಸಿದ್ದೇನೆ, ಅಂಕ ಬೇಕಲ್ಲ. ಬರೆಸಿದ ಮೇಲೆ, ಮನೆಗೆ ಹೋಗಿ ನಿಮ್ಮ ಅಡಿಗೆ ಮನೆಯಲ್ಲಿ ಒಮ್ಮೆ ಕೇಳಿ ಬನ್ನಿ ಅಂತಲೂ ಹೇಳಿದ್ದೇನೆ. ನಮ್ಮೂರಿನಲ್ಲಿ ಲಾಡಿ ಹಾಕಿಸಿಕೊಂಡವರಲ್ಲಿ ದೇವರನ್ನು ಗಟ್ಟಿಯಾಗಿ ನಂಬಿದವರೂ ಇದ್ದರು, ಅವರ ನಂಬಿಕೆ ಸುಳ್ಳು ಅನ್ನುವ ಧೈರ್ಯ ನನಗಿಲ್ಲ. ಆದರೆ ಜಗಳವಾಡಿ ಬಾಗಿಲು ಹಾಕಿಕೊಂಡವರಿಗೆ ಸೋಲದೆ ಬಾಗಿಲು ತೆಗೆಯುವುದಕ್ಕೆ ಒಂದು ದಿನ ಬೇಕಾಗಿತ್ತು. ಆ ದಿನವನ್ನು ದೇವರಲ್ಲದೆ ಬೇರೆ ಯಾರು ಕೊಟ್ಟಿದ್ದರೂ ನಮ್ಮ ದೊಡ್ಡಪ್ಪ ತೆಗೆದುಕೊಳ್ಳುತ್ತಿರಲಿಲ್ಲ. ಅದನ್ನು ಕಂಡುಕೊಂಡವಳು ಬಸ್ಸಿನ ಬೋರ್ಡು ಓದಲು ಬಾರದ ನಮ್ಮವ್ವ.

ಡಿಗ್ರಿಯ ಸರ್ಟಿಫಿಕೇಟು ಬರಲು ಮುಂದಿನ ವರ್ಷ ಆಯಿತು. ಕಾಲೇಜಿನ ಗುಮಾಸ್ತರು ರಿಜಿಸ್ಟರಿಗೆ ಸಹಿ ಹಾಕಿಸಿಕೊಂಡು, ದಪ್ಪ ಕಾಗದದ ಅದನ್ನು ಸುರುಳಿ ಸುತ್ತಿ ಕೈಗೆ ಕೊಟ್ಟರು. ಬಸ್ಸಿನಲ್ಲಿ ಎದೆಗೆ ಆನಿಸಿಕೊಂಡು ಬಂದೆ. ಅವ್ವ ಮುಟ್ಟಿ ನೋಡಿದಳು, ಅಪ್ಪ ದೂರದಿಂದ ನೋಡಿದ.

"ಪಾಠ ಹೇಳಿದಾಕಿ ಕೈಗೆ ಕೊಟ್ಟು ಬಾ," ಅಂದಳು ಅವ್ವ.

ಕೊರಳಲ್ಲಿ ಏನೂ ಇಲ್ಲದೆ ಆ ಮನೆಯ ಮುಂದೆ ನಿಂತದ್ದು ಅದೇ ಮೊದಲು. ದೊಡ್ಡಪ್ಪ ಕಟ್ಟೆಯ ಮೇಲಿದ್ದ. ಯಾರು ಏನು ಅಂತ ಕೇಳಲಿಲ್ಲ. ಅತ್ತಿಗೆ ಹೊಸ್ತಿಲಿಗೆ ಬಂದಳು, ಸೊಂಟದಲ್ಲಿ ಕೂಸು. ನಾನು ಎರಡೂ ಕೈಯಲ್ಲಿ ಸರ್ಟಿಫಿಕೇಟು ಕೊಟ್ಟೆ. ಅವಳು ಕೂಸನ್ನು ದೊಡ್ಡವ್ವನಿಗೆ ಕೊಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಸುರುಳಿ ಬಿಡಿಸಿ, ಇಂಗ್ಲಿಷಿನಲ್ಲಿದ್ದ ನನ್ನ ಹೆಸರು, ಡಿಗ್ರಿಯ ಹೆಸರು ಎಲ್ಲವನ್ನೂ ಮೆಲ್ಲಗೆ ಓದಿದಳು.

ದೊಡ್ಡಪ್ಪ ಮುಗಿಯುವವರೆಗೆ ಕೇಳಿದ. ನಮ್ಮ ಮನೆಯ ಕಡೆಯ ಗೋಡೆ ನೋಡಿದ.

"ಇನ್ನೊಂದ್ಸಲ ಓದವ್ವ," ಅಂದ. "ಸ್ವಲ್ಪ ಗಟ್ಟಿಯಾಗಿ ಓದು. ನನ್ನ ತಮ್ಮಂಗೂ ಕೇಳ್ಲಿ."